ಅಂಗೈಯಗಲದ ಬ್ಯಾಟರಿ, 128 ವೋಲ್ಟಿನ ಸುಳ್ಳು

ಒಂದೂವರೆ ಎರಡು ಸಾವಿರಕ್ಕೆ 48 ವೋಲ್ಟಿನ ಬ್ಯಾಟರಿ ಡ್ರಿಲ್, ಜೊತೆಗೆ ಎರಡು ಬ್ಯಾಟರಿ, ಒಂದು ಪೆಟ್ಟಿಗೆ ತುಂಬ ಬಿಟ್, ಮನೆ ಬಾಗಿಲಿಗೆ ಡೆಲಿವರಿ. ಮೊಬೈಲಿನಲ್ಲಿ ಇಂಥ ಜಾಹೀರಾತು ನೋಡದವರು ಬೆಳ್ಮಣ್ ಸುತ್ತಮುತ್ತ ಇರಲಿಕ್ಕಿಲ್ಲ. ಸ್ವಲ್ಪ ಕೆಳಗೆ ಸರಿಸಿದರೆ 88 ವೋಲ್ಟ್, ಇನ್ನೂ ಕೆಳಗೆ 128. ನೇರವಾಗಿ ಹೇಳುತ್ತೇವೆ, ಈ ಅಂಕಿಗಳು ಸುಳ್ಳು. ಅಗ್ಗದ ಸಾಮಾನು ಮಾರುವುದು ತಪ್ಪಲ್ಲ. ಸುಳ್ಳು ಅಂಕಿ ಹಾಕಿ ಮಾರುವುದು ಮೋಸ.

ಲೆಕ್ಕ ಕಷ್ಟದ್ದೇನಲ್ಲ. ಈ ಬ್ಯಾಟರಿಗಳ ಒಳಗೆ ಇರುವುದು ಹೆಬ್ಬೆರಳಿನಷ್ಟು ದಪ್ಪದ ಲಿಥಿಯಂ ಸೆಲ್‌ಗಳು. ಒಂದು ಸೆಲ್ಲಿಗೆ ಸುಮಾರು 3.7 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ಸಾಲಾಗಿ ಜೋಡಿಸಿದಂತೆ ವೋಲ್ಟ್ ಕೂಡುತ್ತಾ ಹೋಗುತ್ತದೆ. 48 ಆಗಬೇಕಾದರೆ 13 ಸೆಲ್ ಬೇಕು, 88ಕ್ಕೆ 24, 128ಕ್ಕೆ 35. ಒಂದು ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. 35 ಸೆಲ್ ಅಂದರೆ ಬರೀ ಸೆಲ್ಲೇ ಒಂದೂವರೆ ಕಿಲೋ ದಾಟಿತು. ಅಂಗೈಯಲ್ಲಿ ಹಿಡಿಯುವ ಬ್ಯಾಟರಿಯಲ್ಲಿ ಅಷ್ಟಕ್ಕೆ ಜಾಗವೆಲ್ಲಿ? ಅದರೊಳಗೆ ಸಾಮಾನ್ಯವಾಗಿ ಇರುವುದು ಐದೇ ಸೆಲ್. ಅಂದರೆ 18.5 ವೋಲ್ಟ್, ಪೂರ್ತಿ ಚಾರ್ಜಿನಲ್ಲಿ 21. ಅಂಕಿಯ ಪಕ್ಕ 'ವಿಎಫ್' ಎಂದು ಬರೆದಿರುತ್ತಾರೆ, ಅದು ಯಾವ ಅಳತೆಯೂ ಅಲ್ಲ.

ಹೆಸರಿರುವ ಕಂಪನಿಗಳೂ ಸ್ವಲ್ಪ ಉಬ್ಬಿಸುತ್ತವೆ. ಮೂರು ಸೆಲ್ಲಿನ 10.8 ವೋಲ್ಟನ್ನು 12 ಎನ್ನುತ್ತವೆ, 18ನ್ನು '20 ವೋಲ್ಟ್ ಮ್ಯಾಕ್ಸ್' ಎನ್ನುತ್ತವೆ. ಅದು ಪೂರ್ತಿ ಚಾರ್ಜಿನ ಅಂಕಿ, ತೋರಿಸಲಿಕ್ಕೆ ಒಂದು ಲೆಕ್ಕವಾದರೂ ಇದೆ. 18ನ್ನು 88 ಮಾಡುವುದಕ್ಕೆ ಯಾವ ಲೆಕ್ಕವೂ ಇಲ್ಲ.

'ವರ್ಷಕ್ಕೆ ನಾಲ್ಕು ತೂತು ಕೊರೆಯುವವನಿಗೆ ಇದೆಲ್ಲ ಯಾಕೆ ಮಾರಾಯ್ರೆ, ಅಗ್ಗದ್ದೇ ಸಾಕು' ಎನ್ನುವವರಿದ್ದಾರೆ. ಅಂಥವರೇ ಇದನ್ನು ತೆಗೆದುಕೊಳ್ಳಬಾರದು. ಲಿಥಿಯಂ ಸೆಲ್ ಬಳಸಿದರೂ ಹಳತಾಗುತ್ತದೆ, ಬಳಸದಿದ್ದರೂ ಹಳತಾಗುತ್ತದೆ. ಚಾರ್ಜ್ ಇಳಿದ ಬ್ಯಾಟರಿಯನ್ನು ಮಳೆಗಾಲವಿಡೀ ಅಟ್ಟದಲ್ಲಿ ಮರೆತರೆ ಮತ್ತೆ ಏಳದೆಯೂ ಹೋಗಬಹುದು. ಬದಲಿ ಬ್ಯಾಟರಿ ಕೇಳೋಣವೆಂದರೆ ಡಬ್ಬದ ಮೇಲಿನ ಹೆಸರಿಗೆ ಅಂಗಡಿಯೂ ಇಲ್ಲ, ಸರ್ವಿಸೂ ಇಲ್ಲ. ವರ್ಷಕ್ಕೆ ನಾಲ್ಕೇ ತೂತಾದರೆ ನೆರೆಮನೆಯಿಂದ ಕೇಳಿ ತನ್ನಿ. ಇಲ್ಲವೇ ವಯರಿನ ಇಂಪ್ಯಾಕ್ಟ್ ಡ್ರಿಲ್ ತೆಗೆದುಕೊಳ್ಳಿ. ಅದರಲ್ಲಿ ಸಾಯಲಿಕ್ಕೆ ಬ್ಯಾಟರಿಯೇ ಇಲ್ಲ.

ವಿಡಿಯೋ ಮಾಡಿ ಹೊಗಳುವವರು ಕೊರೆದು ತೋರಿಸುವುದು ಹೆಚ್ಚಾಗಿ ಮೆತ್ತನೆ ಹಲಗೆ. ಅವರು ಕೊಟ್ಟ ಲಿಂಕಿನಿಂದ ನೀವು ಖರೀದಿಸಿದರೆ ಅವರಿಗೆ ಕಮಿಷನ್ ಸಿಗುವುದೂ ಉಂಟು. ನಮ್ಮದು ಮುರಕಲ್ಲಿನ ಗೋಡೆ, ಮೇಲೆ ಸಿಮೆಂಟಿನ ಗಾರೆ. ಇದಕ್ಕೆ ಸುತ್ತುವುದರ ಜೊತೆಗೆ ಕುಟ್ಟುವ ಡ್ರಿಲ್ ಬೇಕು, ಗೋಡೆಯ ಬಿಟ್ಟೇ ಬೇಕು. ಮುರಕಲ್ಲಿನ ಒಳಗೆ ಪೊಳ್ಳು ಇರುವುದರಿಂದ ಗಿಡ್ಡ ಪ್ಲಗ್ ಸಡಿಲವಾಗುತ್ತದೆ, ಉದ್ದದ್ದು ಹಾಕಿ. ಲಿಂಟಲ್, ಸ್ಲ್ಯಾಬಿನ ಕಾಂಕ್ರೀಟಿಗೆ ಸಣ್ಣ ಬ್ಯಾಟರಿ ಡ್ರಿಲ್ ಒತ್ತಿ ಕೂತರೆ ಮೋಟಾರ್ ಬಿಸಿಯಾಗುವುದಷ್ಟೇ ಲಾಭ. ಅಲ್ಲಿಗೆ ರೋಟರಿ ಹ್ಯಾಮರ್ ಬೇಕು. ಅದು ಇರುವ ಎಲೆಕ್ಟ್ರಿಷಿಯನ್‌ಗೆ ಸಂಬಳ ಕೊಟ್ಟು ಮಾಡಿಸಿ.

ಹಾಗಾದರೆ ಬ್ಯಾಟರಿ ಡ್ರಿಲ್ ದಂಡವೇ? ಖಂಡಿತ ಅಲ್ಲ. ಮಾಡಿನ ಪಕ್ಕಾಸು, ಹಟ್ಟಿ, ತೋಟದ ಗೇಟು, ಹೀಗೆ ಪ್ಲಗ್ ಪಾಯಿಂಟ್ ಇಲ್ಲದ ಕಡೆ, ಕರೆಂಟ್ ಹೋದ ದಿನ ಅದೇ ಗತಿ. ಒದ್ದೆ ಅಂಗಳದಲ್ಲಿ 230 ವೋಲ್ಟಿನ ವಯರ್ ಎಳೆದಾಡುವ ಅಪಾಯವೂ ಇಲ್ಲ. ಬಾಗಿಲಿನ ಕೊಂಡಿ, ಕಿಟಕಿಯ ಸೊಳ್ಳೆ ಬಲೆ, ಕಪಾಟಿನ ಸ್ಕ್ರೂ ಇಂಥ ಕೆಲಸಕ್ಕೆ ನಿಜವಾದ 12 ವೋಲ್ಟ್ ಸಾಕು. ಹಲಸಿನ ಮರಕ್ಕಾದರೆ ಮೊದಲು ಸಪೂರ ತೂತು ಕೊರೆದು ಮೇಲೆ ಸ್ಕ್ರೂ ಹಾಕಿ.

ತೆಗೆದುಕೊಳ್ಳುವ ಮೊದಲು ಇಷ್ಟು ಕೇಳಿ. ಪೇಟೆಯ ಅಂಗಡಿಯವರು ಇದೇ 48ರ ಡಬ್ಬ ಇಟ್ಟಿದ್ದರೆ ಅವರನ್ನೂ ಕೇಳಿ.

ಒಂದು, ಬದಲಿ ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ? ಸರ್ವಿಸ್ ಉಡುಪಿ, ಮಂಗಳೂರಿನಲ್ಲಿ ಇದೆಯೇ?

ಎರಡು, ಬ್ಯಾಟರಿಯ ಮೇಲೆ ಐಎಸ್ 16046 ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ? 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು.

ಮೂರು, ಎಷ್ಟು ಆಂಪಿಯರ್ ಅವರ್? 1.5 ಅಥವಾ 2 ಎಂದರೆ ನಂಬುವ ಮಾತು. ಸೆಲ್ ಸಾಲಾಗಿ ಜೋಡಿಸಿದರೆ ವೋಲ್ಟ್ ಏರುತ್ತದೆಯೇ ಹೊರತು ಇದು ಏರುವುದಿಲ್ಲ. ಐದು ಸೆಲ್ಲಿನ ಬ್ಯಾಟರಿಗೆ 15,000 ಎಂಎಎಚ್ ಎಂದು ಬರೆದಿದ್ದರೆ ಅದೂ ಸುಳ್ಳೇ.

ನಾಲ್ಕು, ಗೋಡೆಗೂ ಬೇಕಾದರೆ ಸುತ್ತಿಗೆಯ ಗುರುತು ಇದೆಯೇ?

ಐದು, ಡಬ್ಬದ ಮೇಲೆ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇದೆಯೇ? ಇದು ಕಾನೂನಿನಂತೆ ಇರಲೇಬೇಕು.

ಯಾವ ಬ್ಯಾಟರಿಯನ್ನೂ ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗಬೇಡಿ. ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಬೇಡಿ. ಸತ್ತ ಬ್ಯಾಟರಿಯನ್ನು ಕಸದ ಜೊತೆ ಸುಡಲಿಕ್ಕೆ ಹಾಕಬೇಡಿ, ಸಿಡಿಯುತ್ತದೆ.

ಈಗಾಗಲೇ ಮೋಸ ಹೋದವರು ಸುಮ್ಮನಿರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೂ ದಂಡವಿದೆ. ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಲ್ ಇಟ್ಟುಕೊಂಡು ಮೊದಲು ಮಾರಿದವರಿಗೆ ಬರೆಯಿರಿ, ಆಮೇಲೆ 1915ಕ್ಕೆ ಫೋನ್ ಮಾಡಿ. ಅದರಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವರು ದೆಹಲಿಯಲ್ಲಿದ್ದರೂ ನೀವು ಉಡುಪಿಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ.

ಹೋದದ್ದು ಒಂದೂವರೆ ಸಾವಿರ ತಾನೇ ಎಂದು ಬಿಡಬೇಡಿ. ಅಷ್ಟು ಸಣ್ಣ ಮೊತ್ತಕ್ಕೆ ಹಳ್ಳಿಯವರು ಓಡಾಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಈ ವ್ಯಾಪಾರ ನಿಂತಿರುವುದು.