ಮಗ್ಗದ ತೂತಿನ ಕಾರ್ಡು, ಕಂಪ್ಯೂಟರಿನ ಹಾದಿ

ಸೋಲಾಪುರದ ಚಾದರ್ ಇಲ್ಲದ ಮನೆ ಗಡಿಭಾಗದಲ್ಲಿ ಸಿಗುವುದು ಕಠಿಣ. ಅಕ್ಕಲಕೋಟೆಯಿಂದ ಜತ್ತದವರೆಗೆ ಆಯೇರಿಗೂ ಅದೇ, ಚಳಿಗೂ ಅದೇ. ಆದರೆ ಆ ಚಾದರಿನ ಮೇಲೆ ಹೂವು ಮೂಡಿಸುವ ಜಕಾರ್ಡ್ ಮಗ್ಗದ ನೆತ್ತಿಯಲ್ಲಿ ಮಾಲೆಯಂತೆ ಜೋತುಬಿದ್ದ ತೂತಿನ ರಟ್ಟುಗಳಿಗೂ, ಕಾಲೇಜಿನಲ್ಲಿ ಮಗ ಕಲಿಯುವ ಕಂಪ್ಯೂಟರಿಗೂ ನೆಂಟಸ್ತನ ಇದೆ ಎಂದರೆ ಸ್ವತಃ ನೇಕಾರನೇ ನಂಬುವುದಿಲ್ಲ. ‘ಏ, ಅದು ಬ್ಯಾರೆ, ಇದು ಬ್ಯಾರೆ ಬಿಡ್ರಿ’ ಎಂದು ಕೈ ಝಾಡಿಸಿಬಿಡುತ್ತಾನೆ. ಬ್ಯಾರೆ ಅಲ್ಲ ಎನ್ನಲು ಮುನ್ನೂರು ವರ್ಷದ ಇತಿಹಾಸವೇ ಸಾಕ್ಷಿ.

ಇದು ಶುರುವಾದದ್ದು ಫ್ರಾನ್ಸ್ ದೇಶದ ರೇಷ್ಮೆ ಪೇಟೆ ಲಿಯೋನ್‌ನಲ್ಲಿ. ಅಲ್ಲಿಯ ಮಗ್ಗದ ಕೆಲಸಗಾರ ಬಸೀಲ್ ಬೂಶೋನ ತಂದೆ ಆರ್ಗನ್ ವಾದ್ಯ ತಯಾರಿಸುವವ. ತಾನಾಗಿಯೇ ನುಡಿಯುವ ಆರ್ಗನ್‌ನಲ್ಲಿ ಉರುಳೆಯ ಮೇಲೆ ಮೊಳೆ ಹೊಡೆದಿರುತ್ತಾರೆ. ಉರುಳೆ ತಿರುಗಿದಂತೆ ಮೊಳೆ ತಾಗಿದಲ್ಲಿ ಸ್ವರ ಹೊರಡುತ್ತದೆ. ಸ್ವರದ ಸರದಿಯನ್ನು ಹೀಗೆ ಮೊದಲೇ ಬರೆದಿಡಬಹುದಾದರೆ ಎಳೆಯ ಸರದಿಯನ್ನು ಯಾಕೆ ಬರೆದಿಡಬಾರದು? ಬೂಶೋ 1725ರಲ್ಲಿ ತೂತು ಕೊರೆದ ಕಾಗದದ ಸುರುಳಿಯನ್ನು ಮಗ್ಗಕ್ಕೆ ಹಚ್ಚಿದ. ಅವನ ಬೆನ್ನಿಗೇ ಫಾಲ್ಕೋ ಎಂಬವ ಕಾಗದ ಬಿಟ್ಟು ಕಾರ್ಡುಗಳನ್ನು ದಾರದಿಂದ ಪೋಣಿಸಿದ. ಇವೆರಡನ್ನೂ ಸುಧಾರಿಸಿ 1804ರ ಹೊತ್ತಿಗೆ ಕೆಲಸಕ್ಕೆ ಬರುವಂಥ ಯಂತ್ರ ನಿಲ್ಲಿಸಿದವ ಜೋಸೆಫ್ ಮಾರಿ ಜಕಾರ್ಡ್. ಹೆಸರು ಅವನದೇ ಉಳಿಯಿತು. ಬೂಶೋನ ಹೆಸರು ಇವತ್ತು ಮಗ್ಗದವರಿಗೂ ಗೊತ್ತಿಲ್ಲ, ಅದು ಬೇರೆ ಮಾತು.

ಜಕಾರ್ಡ್ ನಡೆಯುವ ರೀತಿ ಸೋಲಾಪುರದ ಕಾರಖಾನೆಯಲ್ಲಿ ನಿಂತು ನೋಡಿದವರಿಗೆ ತಿಳಿದದ್ದೇ. ಲಾಳಿ ಒಮ್ಮೆ ಹೊಕ್ಕು ಎಳೆಯುವ ಮುಂಚೆ ಒಂದು ಕಾರ್ಡು ಸೂಜಿಗಳ ಎದುರು ಬಂದು ಕೂಡುತ್ತದೆ. ತೂತು ಇದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಹಾಸಿನ ಎಳೆಯನ್ನು ಮೇಲೆ ಎತ್ತುತ್ತದೆ. ತೂತು ಇಲ್ಲದಿದ್ದಲ್ಲಿ ಸೂಜಿ ಹಿಂದೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಇದೆ ಅಥವಾ ಇಲ್ಲ, ಇಷ್ಟೇ ಭಾಷೆ. ಕಂಪ್ಯೂಟರ್ ಕ್ಲಾಸಿನಲ್ಲಿ ಮಾಸ್ತರರು ಮೊದಲ ದಿನ ಹಲಗೆಯ ಮೇಲೆ ಬರೆಯುವ ಒಂದು ಮತ್ತು ಸೊನ್ನೆಯ ಗುಟ್ಟೂ ಇದೇ ತಾನೆ.

ಮಗ್ಗದಿಂದ ಈ ವಿಚಾರ ಲಂಡನ್ನಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್‌ನ ಟೇಬಲ್ಲಿಗೆ ಬಂತು. 1830ರ ದಶಕದಲ್ಲಿ ಯಾವ ಲೆಕ್ಕವನ್ನಾದರೂ ಮಾಡಬಲ್ಲ ಯಂತ್ರದ ನಕ್ಷೆ ಹಾಕುವಾಗ ಅದಕ್ಕೆ ಅಪ್ಪಣೆ ಕೊಡಲು ಜಕಾರ್ಡ್ ಕಾರ್ಡುಗಳನ್ನೇ ಆತ ಆರಿಸಿಕೊಂಡ. ಜಕಾರ್ಡ್‌ನ ರೇಷ್ಮೆಯ ಭಾವಚಿತ್ರವೊಂದು ಅವನ ಮನೆಯಲ್ಲಿತ್ತು. ಅದನ್ನು ನೇಯಲು ಸುಮಾರು 24,000 ಕಾರ್ಡು ಬೇಕಾಗಿದ್ದವು. ಆದರೆ ಬ್ಯಾಬೇಜ್‌ನ ಈ ಯಂತ್ರ ಪೂರ್ತಿಯಾಗಲೇ ಇಲ್ಲ. 1871ರಲ್ಲಿ ಆತ ತೀರಿಕೊಂಡಾಗಲೂ ಅದು ಹೆಚ್ಚಾಗಿ ಕಾಗದದ ಮೇಲೆಯೇ ಇತ್ತು. ಎರಡು ವಿದ್ಯೆ ಕೂಡಿದ ಕೂಡಲೇ ಹಣ್ಣು ಉದುರುತ್ತದೆ ಎಂದು ಭಾಷಣ ಬಿಗಿಯುವವರು ಇದನ್ನೂ ನೆನಪಿಡಬೇಕು.

ಹಣ್ಣು ಕೈಗೆ ಬಂದದ್ದು ಅಮೇರಿಕೆಯಲ್ಲಿ, ಅದೂ ಜನಗಣತಿಯ ಕಚೇರಿಯಲ್ಲಿ. 1880ರ ಗಣತಿಯ ಲೆಕ್ಕ ಮುಗಿಸಲು ಗುಮಾಸ್ತರಿಗೆ ಏಳೆಂಟು ವರ್ಷ ಹಿಡಿದಿತ್ತು. ಹೀಗೇ ನಡೆದರೆ ಒಂದು ಗಣತಿ ಮುಗಿಯುವುದರೊಳಗೆ ಮುಂದಿನದು ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಕೆಲಸ ಮಾಡಿದ್ದ ಹರ್ಮನ್ ಹಾಲೆರಿತ್ ಕಲಿತದ್ದು ಗಣಿ ಇಂಜಿನಿಯರಿಂಗ್. ರೈಲಿನಲ್ಲಿ ಕಂಡಕ್ಟರ್ ಒಬ್ಬ ಪ್ರಯಾಣಿಕನ ಕೂದಲು, ಕಣ್ಣಿನ ಬಣ್ಣದ ಗುರುತನ್ನು ಟಿಕೆಟ್ಟಿನ ಮೇಲೆ ತೂತು ಹೊಡೆದು ದಾಖಲಿಸುವುದನ್ನು ಆತ ಕಂಡಿದ್ದ. ಟಿಕೆಟ್ಟಿನ ತೂತಿಗೆ ವಿದ್ಯುತ್ ಸೇರಿಸಿದ. ಒಬ್ಬ ವ್ಯಕ್ತಿಗೆ ಒಂದು ಕಾರ್ಡು. ತೂತು ಇದ್ದಲ್ಲಿ ಸಣ್ಣ ಕಡ್ಡಿ ಕೆಳಗಿಳಿದು ಪಾದರಸದ ಬಟ್ಟಲಿಗೆ ತಾಗಿದರೆ ವಿದ್ಯುತ್ ಹರಿದು ಎಣಿಕೆಯ ಮುಳ್ಳು ಒಂದು ಮನೆ ಮುಂದೆ ಸರಿಯುತ್ತಿತ್ತು. 1890ರ ಗಣತಿಯಲ್ಲಿ ಆರು ಕೋಟಿಗೂ ಮೇಲ್ಪಟ್ಟ ಜನರ ಲೆಕ್ಕ ಈ ಯಂತ್ರದ ಮೇಲೆ ಆಯಿತು. ಅವನು ಕಟ್ಟಿದ ಕಂಪನಿ ಮುಂದೆ ಬೇರೆ ಕಂಪನಿಗಳ ಜೊತೆ ಸೇರಿ 1924ರಲ್ಲಿ ಪಡೆದ ಹೆಸರೇ ಐಬಿಎಂ.

ವಾದ್ಯ, ಮಗ್ಗ, ಗಣಿತ, ರೈಲ್ವೆ ಟಿಕೆಟ್ಟು, ವಿದ್ಯುತ್. ಇವನ್ನು ಯಾವ ಕಾಲೇಜೂ ಒಂದು ಕೋಣೆಯಲ್ಲಿ ಕೂಡಿಸಿ ಕಲಿಸಿರಲಿಲ್ಲ. ಕೂಡಿಸಿದವರು ಎರಡು ಮನೆಯ ನೀರು ಕುಡಿದವರು. ಬೂಶೋಗೆ ತಂದೆಯ ವಾದ್ಯವೂ ಗೊತ್ತು, ತನ್ನ ಮಗ್ಗವೂ ಗೊತ್ತು. ಹಾಲೆರಿತ್‌ಗೆ ಯಂತ್ರವೂ ಗೊತ್ತು, ಗುಮಾಸ್ತರ ಗೋಳೂ ಗೊತ್ತು.

ಗಡಿಭಾಗದ ಕನ್ನಡದ ಹುಡುಗ ಹುಟ್ಟಿನಿಂದಲೇ ಇಂಥ ಎರಡು ಮನೆಯವನು. ಒಲೆಯ ಮುಂದೆ ಕನ್ನಡ, ಪೇಟೆಯಲ್ಲಿ ಮರಾಠಿ, ಓಣಿಯಲ್ಲಿ ಮಗ್ಗದ ಸಪ್ಪಳ, ಕಾಲೇಜಿನಲ್ಲಿ ಕಂಪ್ಯೂಟರ್. ಹಾಸು, ಹೊಕ್ಕು ಅಂದರೆ ಅವನಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೆ ಮನೆಯವರು ಮಾಡುವುದೇನು? ‘ಮಗ್ಗದ ಸುದ್ದಿ ಬ್ಯಾಡ ನಿನಗ, ನೀ ಸುಮ್ನ ಕಂಪ್ಯೂಟರ್ ಕಲಿ’ ಎಂದು ಒಂದು ಬಾಗಿಲನ್ನು ತಾವೇ ಮುಚ್ಚುತ್ತಾರೆ. ಅಪ್ಪನ ಚಿಂತೆ ಸುಳ್ಳಲ್ಲ, ಮಗ್ಗದ ಕೂಲಿಯಲ್ಲಿ ಸಂಸಾರ ತೂಗಿಸುವುದು ಎಷ್ಟು ಕಷ್ಟ ಎಂದು ಉಂಡವನಿಗೇ ಗೊತ್ತು. ಮಗ ನೇಕಾರನಾಗಲಿ ಎಂದು ಯಾರೂ ಹೇಳುತ್ತಿಲ್ಲ. ಮಗ್ಗದ ತಿಳಿವಳಿಕೆಯನ್ನು ನಾಚಿಕೆಯ ವಸ್ತುವಿನಂತೆ ಬಚ್ಚಿಡಬೇಕೇ ಎಂಬುದಷ್ಟೇ ಪ್ರಶ್ನೆ.

ಕಾಲೇಜುಗಳ ತಪ್ಪು ಇದಕ್ಕಿಂತ ದೊಡ್ಡದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬೇರೆ ಬೇರೆ ವಿಭಾಗದ ವಿಷಯಗಳನ್ನು ಕೂಡಿಸಿ ಕಲಿಯಬಹುದು ಎನ್ನುತ್ತದೆ. ಸೋಲಾಪುರದಂಥ ಊರಲ್ಲಿ ಇದಕ್ಕೆ ಹೊಸ ಕಟ್ಟಡ, ಹೊಸ ಅನುದಾನ ಯಾವುದೂ ಬೇಡ. ಕಂಪ್ಯೂಟರ್ ವಿಭಾಗದ ಹುಡುಗರನ್ನು ಒಂದು ದಿನ ಕಾರ್ಡು ಕೊರೆಯುವವರ ಹತ್ತಿರ ಕೂಡಿಸಲಿ. ಬಿ.ಕಾಂ. ಹುಡುಗಿಯೊಬ್ಬಳು ಒಂದು ಚಾದರಿನ ನೂಲು, ಬಣ್ಣ, ಕೂಲಿ, ಕರೆಂಟಿನ ಲೆಕ್ಕ ಬರೆದು ಪ್ರಾಜೆಕ್ಟ್ ಎಂದು ಒಪ್ಪಿಸಲಿ. ವಿನ್ಯಾಸ ತೆಗೆಯುವ ಹಿರಿಯರನ್ನು ಶಾಲು ಹೊದಿಸಿ ಕಳಿಸುವ ಬದಲು ಕ್ಲಾಸಿನಲ್ಲಿ ನಿಲ್ಲಿಸಿ ಮಾತಾಡಿಸಲಿ.

ತಡ ಮಾಡುವಂತಿಲ್ಲ. ಕಂಪ್ಯೂಟರಿನಿಂದಲೇ ನಡೆಯುವ ಎಲೆಕ್ಟ್ರಾನಿಕ್ ಜಕಾರ್ಡ್‌ಗೆ ರಟ್ಟಿನ ಕಾರ್ಡೇ ಬೇಕಾಗುವುದಿಲ್ಲ. ಹಳೆಯ ಮಾಲೆಗಳು ರದ್ದಿಯವನ ತಕ್ಕಡಿಗೆ ಏರುವ ಮುಂಚೆ, ಯಾವ ಹೂವಿಗೆ ಯಾವ ತೂತು ಎಂದು ಬಾಯಿಪಾಠ ಹೇಳಬಲ್ಲ ಹಿರಿಯರ ಎದುರು ಹುಡುಗರು ವಹಿ ಹಿಡಿದು ಕೂಡಬೇಕಾಗಿದೆ.