ಹಸಿರು ಚುಕ್ಕಿ ಕೋಡ್ ಬರೆಯೋದಿಲ್ಲ

ಸಾಫ್ಟ್‌ವೇರ್ ತಂಡಗಳಿಗೆ ಈಗೀಗ ಒಂದು ಹೊಸ ಹಬ್ಬ ಬಂದಿದೆ. ಹೆಸರು ‘ಟೂಲ್ ಬದಲಾವಣೆ’. ಮೊದಲು ಒಂದು ಮೇಲ್ ಬರುತ್ತದೆ: ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗುತ್ತಿದ್ದೇವೆ, ಇದರಿಂದ ತಂಡದ ಕೊಲಾಬರೇಷನ್ ಹೆಚ್ಚುತ್ತದೆ. ಆಮೇಲೆ ಒಂದು ಟ್ರೇನಿಂಗ್. ಆಮೇಲೆ ಆ ಟ್ರೇನಿಂಗಿಗೆ ಬಾರದವರಿಗೆ ಇನ್ನೊಂದು ಟ್ರೇನಿಂಗ್. ಮೂರನೇ ವಾರಕ್ಕೆ ನೋಡಿ, ಎಲ್ಲರೂ ವಾಟ್ಸಾಪ್ ಗ್ರೂಪಿನಲ್ಲೇ “ಬಿಲ್ಡ್ ಯಾಕೆ ಫೇಲ್ ಆಯ್ತು?” ಅಂತ ಕೇಳಿಕೊಳ್ಳುತ್ತಿರುತ್ತಾರೆ.

ನನ್ನ ತಕರಾರು ಟೂಲ್‌ಗಳ ಮೇಲಲ್ಲ. ಅವುಗಳಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ. ತಕರಾರು ಇರೋದು ಅವುಗಳ ಹಿಂದಿರುವ ಒಂದು ನಂಬಿಕೆಯ ಮೇಲೆ. ಕೂಡಿ ಕೆಲಸ ಮಾಡುವುದು ಅಂದರೆ ಎಲ್ಲರೂ ಒಂದೇ ಹೊತ್ತಿಗೆ ಪರದೆಯ ಮುಂದೆ ಹಾಜರಿರುವುದು ಅನ್ನೋ ನಂಬಿಕೆ. ಹೆಸರಿನ ಪಕ್ಕದ ಹಸಿರು ಚುಕ್ಕಿ ಈ ನಂಬಿಕೆಯ ದೇವರು. ಟೀಮ್ಸ್‌ನಲ್ಲಿ ಐದು ನಿಮಿಷ ಮೌಸ್ ಅಲ್ಲಾಡದಿದ್ದರೆ ಚುಕ್ಕಿ ಹಳದಿಯಾಗುತ್ತದೆ. ಐದು ನಿಮಿಷ ಸುಮ್ಮನೆ ಕೂತು ಯೋಚನೆ ಮಾಡಿದವನು ಈ ಲೆಕ್ಕದಲ್ಲಿ ಗೈರುಹಾಜರು! ಇದಕ್ಕೆ ಮದ್ದಾಗಿ ಮೌಸ್ ತಾನೇ ಅಲ್ಲಾಡುವಂತೆ ಮಾಡುವ ಯಂತ್ರಗಳೂ ಮಾರುಕಟ್ಟೆಗೆ ಬಂದಿವೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಕೀಬೋರ್ಡ್ ಚಟುವಟಿಕೆಯ ನಾಟಕವಾಡಿದರೆಂದು ಹನ್ನೆರಡಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಅಳೆಯೋದು ಅಲ್ಲಾಟವನ್ನು ಅಂದಮೇಲೆ ಜನ ಅಲ್ಲಾಟವನ್ನೇ ಕೊಡುತ್ತಾರೆ, ಅದರಲ್ಲಿ ಆಶ್ಚರ್ಯ ಏನಿದೆ?

ನಾನು ಚಿಟಗುಪ್ಪದವನು. ಬೀದರ್ ಜಿಲ್ಲೆ. ಮೊದಲು ಹುಮನಾಬಾದ್ ತಾಲೂಕಿನೊಳಗಿದ್ದ ಊರು, 2018ರಲ್ಲಿ ತಾನೇ ತಾಲೂಕಾಯಿತು. ಬೆಂಗಳೂರಿನ ಗೆಳೆಯರಿಗೆ ಊರಿನ ದಾರಿ ಹೇಳಬೇಕಾದರೆ ಹೈದರಾಬಾದಿನಿಂದ ಶುರು ಮಾಡಬೇಕು, ಅದೇ ಹತ್ತಿರ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನನ್ನಂಥವರೆಲ್ಲ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಊರು ಸೇರಿದೆವು. ನಮ್ಮ ಊರಿನಿಂದ ನೋಡಿದರೆ ಯಾವ ಟೂಲ್ ಎಂಥದ್ದು ಅನ್ನೋದು ಒಂದೇ ವಾರದಲ್ಲಿ ತಿಳಿಯುತ್ತದೆ. ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಕಾಲ್ ಹೋಗುತ್ತದೆ, ಚುಕ್ಕಿ ಹೋಗುತ್ತದೆ. ಆದರೆ ಗಿಟ್ ಹೋಗೋದಿಲ್ಲ.

ಯಾಕೆ ಅಂತ ಸ್ವಲ್ಪ ನೋಡೋಣ. ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನಲ್ ತಂಡ ಅಲ್ಲಿಯವರೆಗೆ ಬಿಟ್‌ಕೀಪರ್ ಅನ್ನೋ ಕಂಪನಿಯ ಟೂಲ್ ಬಳಸುತ್ತಿತ್ತು. ಅದರ ಪುಕ್ಕಟೆ ಬಳಕೆಯ ಅವಕಾಶವನ್ನು ಕಂಪನಿ ಹಿಂತೆಗೆದುಕೊಂಡಾಗ ಗಿಟ್ ಹುಟ್ಟಿತು. ಅದರಲ್ಲಿ ಪ್ರತಿಯೊಬ್ಬರ ಯಂತ್ರದಲ್ಲೂ ಇಡೀ ಇತಿಹಾಸದ ಪ್ರತಿ ಇರುತ್ತದೆ. ನೆಟ್ ಇಲ್ಲದಿದ್ದರೂ ಬ್ಯಾಟರಿ ಇರುವವರೆಗೆ ಕಮಿಟ್ ಮಾಡುತ್ತಾ ಹೋಗಬಹುದು, ಬಂದಾಗ ಪುಶ್ ಮಾಡಿದರಾಯಿತು. ಯಾರು, ಏನು, ಯಾವಾಗ ಬದಲಿಸಿದರು ಅನ್ನೋದು ತಾನೇ ದಾಖಲಾಗುತ್ತದೆ. ಯಾಕೆ ಬದಲಿಸಿದರು ಅನ್ನೋದಕ್ಕೂ ಜಾಗ ಇದೆ, ಬರೆಯುವ ಮನಸ್ಸಿರಬೇಕು ಅಷ್ಟೇ. ಕರ್ನಲ್ ತಂಡ ಇವತ್ತಿಗೂ ಪ್ಯಾಚ್‌ಗಳನ್ನು ಇ-ಮೇಲ್‌ನಲ್ಲೇ ಕಳಿಸಿ ಚರ್ಚಿಸುತ್ತದೆ. ಜಗತ್ತಿನ ಸರ್ವರ್‌ಗಳನ್ನೂ ನಿಮ್ಮ ಆಂಡ್ರಾಯ್ಡ್ ಫೋನನ್ನೂ ನಡೆಸುವ ಕೋಡ್ ಯಾರ ಹಸಿರು ಚುಕ್ಕಿಯನ್ನೂ ನೋಡದೆ ತಯಾರಾಗುತ್ತಿದೆ ಸ್ವಾಮಿ.

ಊರಲ್ಲಿ ಕಿರಾಣಿ ಅಂಗಡಿ ನಡೆಸುವ ನಮ್ಮ ಕಾಕಾ ಒಂದು ದಿನ ಕೇಳಿದ: “ಏನ್ ತಮ್ಮಾ, ಮುಂಜಾನಿಂದ ಬರೀ ಮಾತೇ ಆಡ್ಲತ್ತಿ, ಕೆಲಸ ಯಾವಾಗ ಮಾಡ್ತಿ?” ಸ್ಟ್ಯಾಂಡಪ್, ಸಿಂಕ್, ಗ್ರೂಮಿಂಗ್, ರೆಟ್ರೋ ಅಂತ ಅವನಿಗೆ ಏನಂತ ಹೇಳೋದು? ಅವನ ಅಂಗಡಿಯನ್ನೇ ನೋಡಿ. ಕಾಕಾ ಮಾಲು ತರಲು ಹುಮನಾಬಾದಿಗೆ ಹೋದರೆ ಮಗ ಗಲ್ಲೆಯ ಮೇಲೆ ಕೂರುತ್ತಾನೆ, ಮಗ ಕಾಲೇಜಿಗೆ ಹೋದರೆ ಕಾಕಿ. ಯಾರು ಕೂತರೂ ಉದ್ರಿ ಪುಸ್ತಕ ಒಂದೇ. ಯಾರು ಎಷ್ಟು ಒಯ್ದರು, ಎಷ್ಟು ಕೊಟ್ಟರು, ಎಲ್ಲ ಅದರಲ್ಲಿದೆ. ಗಿರಾಕಿ ಬಂದಾಗ ಮೂವರೂ ಕಾಲ್ ಮೇಲೆ ಕೂಡಬೇಕಾಗಿಲ್ಲ. ಬರೆದಿಟ್ಟದ್ದನ್ನು ನಂಬಿ ಅಂಗಡಿ ನಡೆಯುತ್ತದೆ. ಈಗ ನಿಮ್ಮ ತಂಡವನ್ನು ನೋಡಿ. ಒಬ್ಬ ಸೀನಿಯರ್ ರಜೆ ಹಾಕಿದರೆ ಪೇಮೆಂಟ್ ಸರ್ವಿಸ್ ಹಾಗ್ಯಾಕಿದೆ ಅಂತ ಹೇಳುವವರು ಇನ್ನೊಬ್ಬರಿದ್ದಾರಾ? ಇಲ್ಲ. ಎರಡು ವರ್ಷದ ಹಿಂದೆ ಯಾವುದೋ ಕಾಲ್‌ನಲ್ಲಿ ಮಾತಾಗಿತ್ತು. ರೆಕಾರ್ಡಿಂಗ್ ಇದ್ದರೂ ಒಂದೂವರೆ ತಾಸಿನದ್ದು, ಯಾರು ನೋಡುತ್ತಾರೆ?

ಚಾಟ್‌ನಲ್ಲಿ ಬರೆದಿದ್ದೇವಲ್ಲ ಅಂತೀರಾ? ಚಾಟ್ ಅನ್ನೋದು ಸಂತೆಯ ಮಾತು. ಅದೂ ಬಾಡಿಗೆ ಜಾಗದ ಸಂತೆ. 2009ರಲ್ಲಿ ಗೂಗಲ್ ‘ವೇವ್’ ತಂದು ಇ-ಮೇಲ್ ಕಾಲ ಮುಗಿಯಿತು ಅನ್ನುವಂತೆ ಡಂಗುರ ಹೊಡೆಯಿತು. ಮರುವರ್ಷವೇ ಅದರ ಅಭಿವೃದ್ಧಿ ನಿಲ್ಲಿಸಿತು. ಹಿಪ್‌ಚಾಟ್ 2019ರಲ್ಲಿ ಬಾಗಿಲು ಹಾಕಿತು. ಸ್ಲಾಕ್ ಒಂದು ಆನ್‌ಲೈನ್ ಆಟ ತಯಾರಿಸುತ್ತಿದ್ದ ಕಂಪನಿಯ ಒಳಬಳಕೆಗೆ ಹುಟ್ಟಿದ ಸಾಧನ. 2021ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಸುಮಾರು 2,770 ಕೋಟಿ ಡಾಲರ್ ಕೊಟ್ಟು ಕೊಂಡಿತು. 2022ರಿಂದ ಪುಕ್ಕಟೆ ಬಳಕೆದಾರರಿಗೆ ಕಾಣುವುದು 90 ದಿನಗಳ ಮಾತು ಮಾತ್ರ, 2024ರಿಂದ ಒಂದು ವರ್ಷಕ್ಕಿಂತ ಹಳೆಯದನ್ನು ಅಳಿಸುತ್ತಲೇ ಬಂದಿದೆ. ಅದು ಅವರ ವ್ಯಾಪಾರ, ತಪ್ಪಲ್ಲ. ತಂಡದ ನೆನಪನ್ನೆಲ್ಲ ಅಲ್ಲೇ ಸುರಿದು ಬರುವವರು ನಾವು.

ನಮ್ಮ ಕಡೆಯವನು ಅಂತ ಗೊತ್ತಾದರೆ ಸಾಕು, ಕೆಲವು ಮ್ಯಾನೇಜರುಗಳು ಬಸವಕಲ್ಯಾಣದ ಹೆಸರೆತ್ತುತ್ತಾರೆ. ಅನುಭವ ಮಂಟಪವೇ ಜಗತ್ತಿನ ಮೊದಲ ಟೌನ್‌ಹಾಲ್ ಮೀಟಿಂಗ್ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಅರ್ಧ ಮಾತ್ರ ಹೇಳುತ್ತಾರೆ. 12ನೇ ಶತಮಾನದ ಆ ಕೂಟ ಕಲ್ಯಾಣದ ಗಲಭೆಯಲ್ಲಿ ಚದುರಿಹೋಯಿತು. ಉಳಿದದ್ದು ಬರಹ. ತಾಳೆಗರಿಯಲ್ಲಿ ಪ್ರತಿ ಆಗುತ್ತಾ, ಊರಿಂದೂರಿಗೆ ಹೋಗುತ್ತಾ, ಕೊನೆಗೆ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಹುಡುಕಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸುವವರೆಗೆ ಬಂತು. ಅಷ್ಟೇ ಅಲ್ಲ, ಅಲ್ಲಿ ಮಾತಾಡಿದ್ದು ಜನರ ನುಡಿಯಲ್ಲಿ. ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಕಟ್ಟಿಗೆ ಮಾರುವವರು ಅದಕ್ಕೇ ಬಾಯಿ ಬಿಟ್ಟರು.

ಅಸಲಿ ವಿಷಯ ಇಲ್ಲೇ ಇದೆ. ಕಾಲ್‌ನಲ್ಲಿ ಗೆಲ್ಲೋದು ಯಾರು? ಸರಾಗವಾಗಿ ಇಂಗ್ಲಿಷ್ ಮಾತಾಡುವವನು. ನಮ್ಮ ಕಡೆ ಕನ್ನಡ ಮೀಡಿಯಂ, ಮರಾಠಿ ಮೀಡಿಯಂ, ಉರ್ದು ಮೀಡಿಯಂ ಓದಿ ಇಂಜಿನಿಯರಿಂಗ್ ಮಾಡಿದ ಹುಡುಗ ಹುಡುಗಿಯರು ಕಾಲ್‌ನಲ್ಲಿ ಮ್ಯೂಟ್ ಆಗಿರುತ್ತಾರೆ. ಮನಸ್ಸಿನಲ್ಲಿ ವಾಕ್ಯ ಕಟ್ಟಿ ಮುಗಿಸೋದರೊಳಗೆ ವಿಷಯ ಮುಂದೆ ಹೋಗಿರುತ್ತದೆ. ಅದೇ ಜನ ಪುಲ್ ರಿಕ್ವೆಸ್ಟ್‌ನ ರಿವ್ಯೂನಲ್ಲಿ ಏನು ಬರೆಯುತ್ತಾರೆ ನೋಡಿ. ಹತ್ತು ನಿಮಿಷ ಯೋಚಿಸಿ, ಎರಡು ಸಲ ತಿದ್ದಿ, ಸರಿಯಾಗಿ ಗುರಿಗೆ ಹೊಡೆಯುತ್ತಾರೆ. ಬರೆಯುವುದಕ್ಕೂ ಇಂಗ್ಲಿಷ್ ಬೇಕಲ್ಲ ಅಂದರೆ, ಬೇಕು. ಆದರೆ ಬರವಣಿಗೆ ಟೈಮ್ ಕೊಡುತ್ತದೆ, ಉಚ್ಚಾರಣೆ ಕೇಳಿ ನಗೋದಿಲ್ಲ. ಎರಡೂ ಕಡೆ ಕನ್ನಡದವರೇ ಇದ್ದರೆ ಕನ್ನಡದಲ್ಲೇ ಬರೆದರೂ ಗಿಟ್ ಬೇಡ ಅನ್ನೋದಿಲ್ಲ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಮನಾಬಾದ್ ಕಡೆಯ ಹುಡುಗಿಯೊಬ್ಬಳು ಹೀಗೇ ಇದ್ದಳು. ಕಾಲ್‌ನಲ್ಲಿ ಮೌನ, ರಿವ್ಯೂನಲ್ಲಿ ಹುಲಿ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಒಂದು ದಿನ ಮೇಲಿನಿಂದ ಆದೇಶ ಬಂತು: ಕೊಲಾಬರೇಷನ್ ಕಡಿಮೆಯಾಗಿದೆ, ವಾರಕ್ಕೆ ಮೂರು ದಿನ ಎಲ್ಲರೂ ಬೆಂಗಳೂರಿನ ಆಫೀಸಿನಲ್ಲಿರಬೇಕು. ಎಲ್ಲಿ, ಎಷ್ಟು ಕಡಿಮೆಯಾಗಿದೆ ಅಂತ ಯಾರೂ ತೋರಿಸಲಿಲ್ಲ. ಅವಳು ರಾಜೀನಾಮೆ ಕೊಟ್ಟಳು. ಅವಳು ಬರೆದ ಕೋಡ್ ಇವತ್ತಿಗೂ ಆ ಪ್ರಾಡಕ್ಟ್‌ನಲ್ಲಿ ಓಡುತ್ತಿದೆ, ಅವಳ ಕಮಿಟ್ ಮೆಸೇಜ್ ಓದಿಯೇ ಹೊಸಬರು ಕೆಲಸ ಕಲಿಯುತ್ತಿದ್ದಾರೆ. ಆಫೀಸಿಗೆ ಬಂದವರು ಏನು ಮಾಡುತ್ತಾರೆ ಗೊತ್ತಾ? ಹೆಡ್‌ಫೋನ್ ಹಾಕಿಕೊಂಡು ಪಕ್ಕದ ಬಿಲ್ಡಿಂಗಿನವರ ಜೊತೆ ಕಾಲ್‌ನಲ್ಲಿ ಕೂರುತ್ತಾರೆ.

ಕಾಲ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಪ್ರೊಡಕ್ಷನ್ ಬಿದ್ದಾಗ ಬೇಕು. ಹೊಸಬರು ಸೇರಿದ ಮೊದಲ ವಾರ ಬೇಕು. ಇಬ್ಬರ ನಡುವೆ ಮನಸ್ತಾಪ ಆದರೆ ನೂರು ಕಾಮೆಂಟಿಗಿಂತ ಎದುರು ಕೂತು ಕುಡಿದ ಒಂದು ಚಹಾ ಮೇಲು. ಆದರೆ ಇವು ವಿಶೇಷ ಸಂದರ್ಭಗಳು. ಇವನ್ನೇ ದಿನದ ಊಟ ಮಾಡಿಕೊಂಡರೆ ಅಜೀರ್ಣವಾಗುತ್ತದೆ. 2001ರಲ್ಲಿ ಅಜೈಲ್ ಪ್ರಣಾಳಿಕೆ ಬರೆದ 17 ಜನ ಕೂಡ ಟೂಲ್ ಮತ್ತು ವಿಧಾನಗಳಿಗಿಂತ ಮನುಷ್ಯರು ದೊಡ್ಡವರು ಅಂತಲೇ ಶುರು ಮಾಡಿದ್ದರು. ಅದರ ಹೆಸರಿನಲ್ಲಿ ನಾವು ಮನುಷ್ಯರನ್ನೇ ಜಿರಾ ಟಿಕೆಟ್ ಮಾಡಿದ್ದೇವೆ. ಅಂದಹಾಗೆ ಜಿರಾ ಅನ್ನೋ ಹೆಸರು ಬಂದದ್ದು ಗಾಡ್ಜಿಲ್ಲಾದ ಜಪಾನೀ ಹೆಸರು ‘ಗೊಜಿರಾ’ದಿಂದ. ಹೆಸರಿಟ್ಟವರಿಗೆ ಭವಿಷ್ಯ ಗೊತ್ತಿತ್ತೇನೋ.

ಹಾಗಾದರೆ ಏನು ಮಾಡೋಣ? ಹೊಸ ಟೂಲ್ ಕೊಳ್ಳಬೇಕಾಗಿಲ್ಲ. ಕಾಲ್ ಮುಗಿದ ಮೇಲೆ ಐದು ಸಾಲು ಬರೆಯಿರಿ: ಏನು ನಿರ್ಧಾರ, ಯಾಕೆ, ಯಾವುದನ್ನು ಕೈಬಿಟ್ಟೆವು. ಅದನ್ನು ಚಾಟ್‌ನಲ್ಲಿ ಎಸೆಯಬೇಡಿ, ಕೋಡ್ ಪಕ್ಕದಲ್ಲೇ ಒಂದು ಫೋಲ್ಡರ್ ಮಾಡಿ ಇಡಿ. ರಿವ್ಯೂಗೆ ಒಂದು ದಿನದ ಅವಧಿ ಕೊಡಿ, ಐದು ನಿಮಿಷಕ್ಕೊಮ್ಮೆ ಪಿಂಗ್ ಮಾಡಬೇಡಿ. ಹೊಸ ಟೂಲ್ ತರಲೇಬೇಕು ಅಂದರೆ ಮೊದಲು ಎರಡು ಪ್ರಶ್ನೆ ಕೇಳಿ. ನಾಳೆ ಇದು ಮುಚ್ಚಿದರೆ ನಮ್ಮ ಬರಹ ನಮ್ಮ ಕೈಗೆ ಸಿಗುತ್ತದಾ? ನೆಟ್ ಕುಂಟುವ ಊರಿನಲ್ಲಿ ಕೂತವರಿಗೂ ಇದು ನಡೆಯುತ್ತದಾ? ಎರಡರಲ್ಲಿ ಒಂದಕ್ಕೆ ಇಲ್ಲ ಅಂತ ಬಂದರೂ ಆ ಟೂಲ್ ಬೇಡ.

ಇನ್ನು ಚುಕ್ಕಿ ಎಣಿಸುವ ಮ್ಯಾನೇಜರುಗಳಿಗೆ ಒಂದು ಮಾತು. ವರ್ಷದ ಅಪ್ರೈಸಲ್ ಹೊತ್ತಿಗೆ ಯಾರು ಎಷ್ಟು ಹೊತ್ತು ಹಸಿರಾಗಿದ್ದರು ಅನ್ನೋ ಪಟ್ಟಿ ಬದಿಗಿಡಿ. ಗಿಟ್ ಲಾಗ್ ತೆಗೆಯಿರಿ, ರಿವ್ಯೂಗಳನ್ನು ಓದಿ. ಅಲ್ಲಿ ಚಿಟಗುಪ್ಪದವರೂ ಇರುತ್ತಾರೆ, ಔರಾದದವರೂ ಇರುತ್ತಾರೆ. ಅವರನ್ನು ಕಾಣಬೇಕಾದರೆ ನೀವು ಓದಬೇಕು. ಅದೊಂದು ಕೆಲಸವನ್ನು ಯಾವ ಟೂಲೂ ನಿಮ್ಮ ಬದಲಿಗೆ ಮಾಡಿಕೊಡೋದಿಲ್ಲ.