ಬೆಳೆ ಸಾವಯವ, ಸಾಗಾಟ ಡೀಸೆಲ್: ಇದಕ್ಕೇನು ದಾರಿ?

ಪ್ರತಿ ಶನಿವಾರ ಬೆಳಗ್ಗೆ ನಂಜನಗೂಡು ಕಡೆಯ ನನ್ನ ತೋಟದಿಂದ ಮೈಸೂರಿನ ಸರಸ್ವತಿಪುರಂಗೆ ಲಗೇಜ್ ಆಟೋದಲ್ಲಿ ತರಕಾರಿ ತರ್ತೀನಿ. ಹೋಗಿ ಬರೋಕೆ ಸುಮಾರು 60 ಕಿ.ಮೀ., 3 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. ಅಂದ್ರೆ ವಾರಕ್ಕೆ 8 ಕೆ.ಜಿ. ಯೂರಿಯಾ ಬಿಟ್ಟು ಜೀವಾಮೃತ ಹಾಕಿ ಬೆಳೆಯೋನು ನಾನು. "ಏನಪ್ಪಾ, ಸೊಪ್ಪು ಸಾವಯವ, ಹೊಗೆ ಮಾತ್ರ ಮಾಮೂಲೀದಾ?" ಅಂತ ಗಿರಾಕಿಯೊಬ್ಬರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಂಜನಗೂಡಿನಿಂದ ಬರೋ ರೈಲು ಸರಸ್ವತಿಪುರಂಗೆ ಹತ್ತಿರದ ಚಾಮರಾಜಪುರಂ ನಿಲ್ದಾಣದ ಮೇಲೇ ಹೋಗುತ್ತೆ. ಆದರೆ ಜನ ತುಂಬಿರೋ ಪ್ಯಾಸೆಂಜರ್ ರೈಲಿಗೆ ಹತ್ತು ಕ್ರೇಟ್ ಟೊಮೆಟೊ ಹತ್ತಿಸೋಕಾಗುತ್ತಾ?

ಈಗ ದೊಡ್ಡ ಲೆಕ್ಕ ನೋಡಿ. 2070ಕ್ಕೆ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ತರ್ತೀವಿ ಅಂತ ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿತು. 2023ರ ಮಾರ್ಚ್‌ನಲ್ಲಿ ಸುಮಾರು 8,480 ಕೋಟಿ ರೂಪಾಯಿಯ, 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ರಸ್ತೆಯಿಂದಲೇ ಬರ ಬಂತು ಅಂತ ನಾನು ಹೇಳ್ತಿಲ್ಲ. ಆದರೆ ರಸ್ತೆ ಯೋಜಿಸೋ ಕೈಗೂ ಹವಾಮಾನದ ಗುರಿ ಬರೆಯೋ ಕೈಗೂ ಪರಿಚಯವೇ ಇಲ್ಲ ಅನ್ನಿಸುತ್ತೆ. ಒಂದು ಕೈ ನಾಟಿ ಮಾಡುತ್ತೆ, ಇನ್ನೊಂದು ಕೀಳುತ್ತೆ.

ರಸ್ತೆ ಬೇಡವಾ? ಖಂಡಿತ ಬೇಕು. ಆಂಬುಲೆನ್ಸ್‌ಗೂ ಬೇಕು, ನಮ್ಮ ಟೊಮೆಟೊಗೂ ಬೇಕು. ಆದರೆ ಯೋಜನೆಯಲ್ಲಿ ಬಸ್ಸು, ರೈಲಿಗೆ ಮೊದಲ ಸಾಲು ಸಿಗಬೇಕು. ಅದು ಆಗದ ಮಾತೇನಲ್ಲ. 2020ರ ಆಗಸ್ಟ್‌ನಲ್ಲಿ ಕಿಸಾನ್ ರೈಲು ಶುರುವಾದ ಮೇಲೆ ಹಣ್ಣು, ತರಕಾರಿ ಸಾಗಾಟ ದರದಲ್ಲಿ ಶೇ. 50 ರಿಯಾಯಿತಿ ಕೊಟ್ಟರು. ಅದು ದೂರದ ಊರುಗಳಿಗೆ. ಹತ್ತಿರದ ಪೇಟೆಗೆ ಯಾಕಾಗಬಾರದು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮೂರ ಹೆಣ್ಣುಮಕ್ಕಳು ಸೊಪ್ಪಿನ ಚೀಲ ಹಿಡಿದು ಸರ್ಕಾರಿ ಬಸ್ಸಲ್ಲೇ ಪೇಟೆಗೆ ಬರ್ತಾರೆ. ಸೌಕರ್ಯ ಕೊಟ್ಟರೆ ಜನ ಬಳಸ್ತಾರೆ.

ನಾನು ಕೇಳೋದು ಇಷ್ಟೇ. ಚಾಮರಾಜನಗರ–ಮೈಸೂರು ಮಾರ್ಗದ ಬೆಳಗಿನ ಒಂದು ರೈಲಿಗೆ ರೈತರ ಲಗೇಜ್ ಬೋಗಿ ಇರಲಿ. ಬೆಳಗಿನ ಹಳ್ಳಿ ಬಸ್ಸಲ್ಲಿ ಕ್ರೇಟ್ ಇಡೋಕೆ ಜಾಗ ಇರಲಿ. ಪ್ರತಿ ಹೊಸ ರಸ್ತೆ ಯೋಜನೆಯಲ್ಲೂ ಇದರಿಂದ ಡೀಸೆಲ್ ಎಷ್ಟು ಉಳಿಯುತ್ತೆ, ಎಷ್ಟು ಹೆಚ್ಚಾಗುತ್ತೆ ಅಂತ ಬರೆದು ಜನರ ಮುಂದಿಡಲಿ.

ಅಲ್ಲಿಯವರೆಗೆ ನಾವೂ ಸುಮ್ಮನೆ ಕೂರೋದು ಬೇಡ. ಈ ವಾರ ಸಾಗಾಟಕ್ಕೆ ಎಷ್ಟು ಲೀಟರ್ ಸುಟ್ಟಿರಿ ಅಂತ ಮೊಬೈಲಲ್ಲಿ ಬರೆದಿಡಿ. ವಾಟ್ಸಾಪ್ ಗುಂಪು ಮಾಡಿ, ಮೂರು ತೋಟದ ಮಾಲನ್ನ ಒಂದೇ ಗಾಡಿಗೆ ಹಾಕಿ. ನಾನು ಪಕ್ಕದ ಇಬ್ಬರ ಜೊತೆ ಹೀಗೆ ಶುರು ಮಾಡಿದ್ದೀನಿ, ಬಾಡಿಗೆಯೂ ಮೂರು ಪಾಲಾಯಿತು. ಮುಂದಿನ ಗ್ರಾಮಸಭೆಗೆ ಆ ಲೆಕ್ಕ ಹಿಡ್ಕೊಂಡೇ ಹೋಗಿ. ಬಾಯಿಮಾತಿಗಿಂತ ಲೆಕ್ಕಕ್ಕೆ ತೂಕ ಜಾಸ್ತಿ.